ಜೇಡದ ಹೆದರಿಕೆಗೆ ನಾನು ಕಟ್ಟದ ದಾರ

ನ್ಯಾಮತಿಯಲ್ಲಿ ನನ್ನನ್ನು ಜೇಡದಮ್ಮ ಎನ್ನುತ್ತಿದ್ದರು. ಎದುರಿಗೆ ಅಮ್ಮಾರೇ ಎಂದು ಕೈಮುಗಿಯುವುದು, ಬೆನ್ನ ಹಿಂದೆ ಜೇಡದಮ್ಮ. ಮೈಮೇಲೆ ಉರಿಯುವ ಗುಳ್ಳೆ ಎದ್ದರೆ ಆ ಕಡೆಯ ಜನ ಜೇಡ ಉಚ್ಚೆ ಹೊಯ್ದಿದೆ ಅನ್ನುತ್ತಾರೆ. ಅಂಥ ಗುಳ್ಳೆಯ ಮೇಲೆ ನಾನು ಕೈಯಿಟ್ಟರೆ ವಾಸಿಯಾಗುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಜೇಡದಿಂದ ಗುಳ್ಳೆ ಏಳುವುದಿಲ್ಲ ಎಂದು ಗಂಟಲು ಹರಿದುಕೊಂಡವಳು ನಾನು. ಆ ಹೆಸರು ನನಗೆ ಅಂಟಿದ ಬಗೆಯನ್ನು ನೆನೆದರೆ ಈ ವಯಸ್ಸಿನಲ್ಲೂ ಹೊಟ್ಟೆ ಉರಿಯುತ್ತದೆ.

ನಾನು ಜಗಳೂರಿನವಳು. ಪಿಯುಸಿ ಮುಗಿಸಿದ್ದೆ. ಟಿ.ಸಿ.ಎಚ್. ತರಬೇತಿ ಮಾಡಿ ಶಾಲೆಯ ಮೇಡಂ ಆಗಬೇಕು ಎಂಬುದೊಂದೇ ಆಸೆ. ಅಷ್ಟರಲ್ಲಿ ಮದುವೆಯಾಯಿತು, ಎಪ್ಪತ್ತರ ದಶಕದ ಕೊನೆಯಲ್ಲಿ ನ್ಯಾಮತಿಯ ಸೊಸೆಯಾದೆ. ನಮ್ಮವರದು ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ. ಓದಿನ ಮಾತೆತ್ತಿದಾಗಲೆಲ್ಲ "ಅವ್ವನ್ನ ಕೇಳು" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ಬೆಲ್ಲದ ದರವೊಂದನ್ನು ಬಿಟ್ಟು ಬೇರಾವುದರಲ್ಲೂ ಅವರಿಗೆ ಸ್ವಂತ ಅಭಿಪ್ರಾಯ ಇದ್ದಂತೆ ಕಾಣೆ. ಅವ್ವ ಅಂದರೆ ನನ್ನ ಅತ್ತೆ. ಅವರು ಹ್ಞೂಂ ಅನ್ನುತ್ತಿರಲಿಲ್ಲ, ಉಹ್ಞೂಂ ಕೂಡ ಅನ್ನುತ್ತಿರಲಿಲ್ಲ.

ಮನೆಯಲ್ಲಿ ಮದುವೆಗೆ ಬಂದ ನಾದಿನಿಯಿದ್ದಳು. ಲಕ್ಷಣವಂತೆ, ಕೆಲಸಗಾತಿ, ಆದರೆ ಜೇಡ ಕಂಡರೆ ಮಾತ್ರ ಜೀವ ಹೋದಂತೆ ಚೀರುತ್ತಿದ್ದಳು. ಬಚ್ಚಲಿಗೆ ಹೋಗಬೇಕಾದರೆ ಮೊದಲು ಯಾರಾದರೂ ಒಳಗೆ ಹೋಗಿ ನೋಡಿ ಬರಬೇಕು. ಹೊನ್ನಾಳಿಯಿಂದ ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಳಂತೆ, ತೊಲೆಯಿಂದ ಸಣ್ಣದೊಂದು ಜೇಡ ನೂಲು ಹಿಡಿದು ಅವಳ ಮುಖದ ಎದುರಿಗೇ ಇಳಿಯಿತಂತೆ. ತಟ್ಟೆ ಗಂಡಿನ ತಂದೆಯ ತೊಡೆಯ ಮೇಲೆ ಬಿತ್ತು, ಇವಳು ಹಿತ್ತಲಿಗೆ ಓಡಿದಳು. ಹುಡುಗಿಗೆ ಗಾಳಿ ಸೋಕಿದೆ ಎಂದು ಆ ಸಂಬಂಧ ಮುರಿಯಿತು. ನಾನು ಆ ಮನೆಗೆ ಕಾಲಿಡುವ ಮುಂಚಿನ ಮಾತಿದು.

ನನಗೆ ಜೇಡದ ಹೆದರಿಕೆ ಇರಲಿಲ್ಲ. ಹೈಸ್ಕೂಲಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಹಾರ್ಲಿಕ್ಸ್ ಬಾಟಲಿಯಲ್ಲಿ ಜೇಡ ತಂದು ತೋರಿಸಿ, ಸಂಜೆ ಹೊರಗೆ ಬಿಟ್ಟು ಬರುತ್ತಿದ್ದರು. ಅಲ್ಲಿಂದ ಶುರುವಾದ ಚಾಳಿ, ಮಧ್ಯಾಹ್ನವೆಲ್ಲ ಮಾಡು ನೋಡುತ್ತಾ ಮಲಗುವುದು. ನಾನು ಬಚ್ಚಲಿನ ದೊಡ್ಡ ಜೇಡವನ್ನು ಚೆಂಬಿನಿಂದ ಮುಚ್ಚಿ, ಅಡಿಗೆ ರಟ್ಟು ತೂರಿಸಿ ಹಿತ್ತಲಿಗೆ ಬಿಡುವುದನ್ನು ಅತ್ತೆ ಒಂದು ದಿನ ನೋಡಿದರು. ಅಡುಗೆಮನೆಗೆ ಕರೆದರು.

"ನೋಡವ್ವ, ಇವಳ ಹೆದರಿಕೆ ಒಂದ್ ಬಿಡಿಸು. ಒಳ್ಳೆ ಮನೆ ಸೇರಿದ್ಲು ಅಂದ್ರೆ ನಿನ್ನ ಓದಾಕೆ ಕಳಿಸ್ತೀನಿ" ಎಂದು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿ ಹೇಳಿದರು. ಲಿಂಗ ಮುಟ್ಟಿ ಆಡಿದ ಮಾತಿಗೆ ತಪ್ಪುವವರುಂಟೇ ಎಂದು ನಾನು ನೆಲ ಬಿಟ್ಟು ಒಂದು ಗೇಣು ಮೇಲೆ ನಡೆದೆ.

ನಾದಿನಿಯನ್ನು ಮೊದಲು ಬಾಗಿಲಲ್ಲೇ ನಿಲ್ಲಿಸಿದೆ. ಮಾಡಿನ ಮೂಲೆಯಲ್ಲಿ ದಾರದಂಥ ಉದ್ದ ಕಾಲಿನ ಬಡಕಲು ಜೇಡಗಳು ಇರುತ್ತವಲ್ಲ, ಅವು ಯಾರ ತಂಟೆಗೂ ಬರುವುದಿಲ್ಲ. ಕೋಲಿನ ತುದಿಯಿಂದ ಬಲೆ ಮುಟ್ಟಿದೆ. ಅದು ಬಲೆ ಸಮೇತ ಗಡಗಡ ನಡುಗಿತು. "ಅದಕ್ಕೂ ಗಾಳಿ ಸೋಕೈತಾ ಅತ್ತಿಗೆ?" ಅಂದಳು. ಅವಳು ನಕ್ಕಿದ್ದು ಅವತ್ತೇ ಮೊದಲು. ಆಮೇಲೆ ಕಿಟಕಿಯ ಮೇಲೆ ನೆಗೆದು ನೊಣ ಹಿಡಿಯುವ ಪುಟ್ಟದು. ಬೆರಳು ಆಡಿಸಿದ ಕಡೆ ಅದು ಮುಖ ತಿರುಗಿಸಿ ದಿಟ್ಟಿಸುತ್ತದೆ. "ಹೆಣ್ ನೋಡಾಕೆ ಬಂದೋರ ಹಂಗೆ ನೋಡ್ತೈತೆ" ಎಂದು ಅದಕ್ಕೆ ಬೀಗರು ಎಂದು ಹೆಸರಿಟ್ಟಳು. ಹಿತ್ತಲಿನ ದಾಸವಾಳದಲ್ಲಿ ಬಲೆಯ ನಡುವೆ ಕಾಲುಗಳನ್ನು ಜೋಡಿ ಜೋಡಿ ಮಾಡಿ, ಗುಣಿಸುವ ಚಿಹ್ನೆಯಂತೆ ಕೂರುವ ಹಳದಿ ಪಟ್ಟೆಯದನ್ನು ತೋರಿಸಿದೆ. ಕೊನೆಗೆ ಬಚ್ಚಲಿನ ಅಂಗೈಯಗಲದ ಚಪ್ಪಟೆ ಜೇಡ. ಅದು ಬಲೆ ಕಟ್ಟುವುದಿಲ್ಲ, ಜಿರಲೆ ತಿನ್ನುತ್ತದೆ, ಹೊಟ್ಟೆಯಡಿ ಬಿಳಿ ಬಿಲ್ಲೆ ಹೊತ್ತಿದ್ದರೆ ಅದು ಮೊಟ್ಟೆಯ ಚೀಲ, ಅಂದರೆ ಬಸುರಿ. ಹಿಸುಕಿದರೆ ಯಾವುದೂ ಕಚ್ಚೀತು, ಇರುವೆ ಕಚ್ಚಿದಷ್ಟು ನೋವು. ಹೊಲದ ಬದುವಿನ ಬಿಲದಲ್ಲಿರುವ ಕೂದಲುಗಾಲಿನ ದೊಡ್ಡದನ್ನು ಮಾತ್ರ ಕೆಣಕಬಾರದು, ದೂರದಿಂದ ನೋಡಿ ಬರಬೇಕು ಎಂದೂ ಹೇಳಿದೆ.

ದನಿ ಎತ್ತಿದರೆ ಅವಳು ಬೆಚ್ಚುತ್ತಿದ್ದಳು. ಹಾಗಾಗಿ ಎಲ್ಲವನ್ನೂ ಕಿವಿಯ ಹತ್ತಿರ ಪಿಸುದನಿಯಲ್ಲೇ ಹೇಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಪೂಜೆಗೆ ಕೂತ ಅತ್ತೆಗೆ ಅದು ಮಣಮಣ ಎಂದಷ್ಟೇ ಕೇಳುತ್ತಿತ್ತು.

ತಿಂಗಳುಗಳು ಹಿಡಿದವು. ಮಳೆ ಹಿಡಿದ ಒಂದು ಬೆಳಿಗ್ಗೆ ಅವಳೇ ಅಂಗೈ ಚಾಚಿ, ನಡುಗುತ್ತಲೇ, ಬೀಗರನ್ನು ಹತ್ತಿಸಿಕೊಂಡಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ಅತ್ತಿಗೆ, ಕಚಗುಳಿ ಇಡ್ತೈತೆ!" ನಾನು ಅವಳನ್ನು ತಬ್ಬಿಕೊಂಡೆ. ನನ್ನ ಒಡಹುಟ್ಟಿದವರನ್ನೂ ಹಾಗೆ ತಬ್ಬಿಕೊಂಡವಳಲ್ಲ. ಮೇಡಂ ಆದರೆ ಇಡೀ ಕ್ಲಾಸಿಗೆ ಹೀಗೆ ಕಲಿಸುತ್ತೇನೆ ಎಂದು ಅವಳ ಮುಂದೆ ಬಡಾಯಿ ಕೊಚ್ಚಿದೆ.

ಚನ್ನಗಿರಿಯ ಅನುಕೂಲಸ್ಥರ ಮನೆಗೆ ಅವಳ ಮದುವೆಯಾಯಿತು. ಅಲ್ಲಿ ಒಂದು ದಿನ ನಡುಮನೆಯ ಗೋಡೆಗೆ ಚಪ್ಪಟೆ ಜೇಡ ಬಂದು ಮನೆಮಂದಿಯೆಲ್ಲ ಅಂಗಳಕ್ಕೆ ಓಡಿದಾಗ, ಹೊಸ ಸೊಸೆ ಚೆಂಬು ಮುಚ್ಚಿ, ರಟ್ಟು ತೂರಿಸಿ, ಹೊರಗೆ ಬಿಟ್ಟು ಬಂದಳಂತೆ. ಸುದ್ದಿ ಕೇಳಿ ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಅದರ ಬೆನ್ನಿಗೇ ಚನ್ನಗಿರಿ ಬಸ್ಸಿನಿಂದ ಇಳಿದ ಯಾರೋ ಹೆಂಗಸು ತೋಳಿನ ಗುಳ್ಳೆ ತೋರಿಸಿ, ತೆಂಗಿನಕಾಯಿ ಮುಂದಿಟ್ಟು ನನ್ನ ಕಾಲಿಗೆ ಬಿದ್ದಳು. ನನಗೆ ಕೈಗುಣವಿದೆಯಂತೆ. ನಾನು ದಾರ ಕಟ್ಟಿದವರನ್ನು ಜೇಡ ಮುಟ್ಟುವುದಿಲ್ಲವಂತೆ. ಯಾರು ಹೇಳಿದ್ದು ಅಂದರೆ, ನಿಮ್ಮ ನಾದಿನಿಯೇ ಅಂದಳು. ಜನ ಒಂದಕ್ಕೆರಡು ಸೇರಿಸುತ್ತಾರೆ, ಹುಡುಗಿ ಬಂದಾಗ ಅವಳ ಬಾಯಿಂದಲೇ ಸರಿಮಾಡಿಸಿದರಾಯಿತು ಎಂದು ನಕ್ಕುಬಿಟ್ಟೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕೆಂಪು ಕಪ್ಪು ಪಟ್ಟೆಯ ಸಣ್ಣ ಹುಳ ಮೈಮೇಲೆ ಕೂತಾಗ ಉಜ್ಜಿದರೆ ಹೀಗೆ ಸುಡುತ್ತದೆ, ಆಸ್ಪತ್ರೆಗೆ ತೋರಿಸಿ ಎಂದು ಬಂದವರಿಗೆಲ್ಲ ಹೇಳಿ ಕಳಿಸಿದೆ. ತಾನಾಗಿ ಮಾಗಿದ ಗುಳ್ಳೆಯ ಪುಣ್ಯವೂ ನನ್ನ ಕೈಗೇ ಬಂತು. ಅತ್ತೆ ಪಡಸಾಲೆಯಲ್ಲಿ ನನಗೊಂದು ಮಣೆ ಹಾಕಿಸಿದರು.

ಟಿ.ಸಿ.ಎಚ್.ಗೆ ಅರ್ಜಿ ಹಾಕಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲೊಮ್ಮೆ ಶಿವಮೊಗ್ಗದಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ಲಿನಲ್ಲಿ ಜಾಗವೂ ಸಿಕ್ಕಿತು. ಟ್ರಂಕಿಗೆ ಸೀರೆ ಜೋಡಿಸುತ್ತಿದ್ದ ದಿನವೇ ನಾದಿನಿ ತನ್ನ ಅತ್ತೆಯ ಜೊತೆ ಬಂದಿಳಿದಳು. ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದಾಗ ನನ್ನ ಅತ್ತೆ ಬೀಗಿತ್ತಿಯ ಕಡೆ ತಿರುಗಿ, "ದೇವ್ರು ಕೈಯಾಗೆ ಕೂತಿರೋಳನ್ನ ಹಾಸ್ಟೆಲ್ ಅನ್ನ ತಿನ್ನಾಕೆ ಹೆಂಗೆ ಕಳಿಸ್ಲಿ ಹೇಳ್ರಿ?" ಎಂದರು.

"ಅತ್ತೆ, ನೀವು ಲಿಂಗ ಮುಟ್ಟಿ ಹೇಳಿದ್ರಿ" ಅಂದೆ.

"ಹೆದರಿಕೆ ನೀ ಬಿಡಿಸಿದ್ರೆ ಓದಾಕೆ ಕಳಿಸ್ತೀನಿ ಅಂದಿದ್ದೆ. ಬಿಡಿಸಿದ್ದು ನೀನಲ್ಲವ್ವ, ನಿನ್ ಕೈಯಾಗಿರೋ ದೇವ್ರು. ನಿನ್ ಮಂತ್ರ ನಾನೇ ದಿನಾ ಕೇಳಿಸ್ಕಂಡೀನಿ."

ಬೀಗಿತ್ತಿ ಕಿವಿ ನೆಟ್ಟಗೆ ಮಾಡಿ, "ಹೆದರಿಕೆ ಯಾರಿಗಿತ್ತು?" ಎಂದರು. ಅತ್ತೆ ಕೇಳಿಸದವರಂತೆ ಬೀಗಿತ್ತಿಯ ಮುಂದೆ ಎಲೆಯಡಿಕೆ ತಟ್ಟೆ ಸರಿಸಿದರು.

ನಾನು ನಾದಿನಿಯ ಕಡೆ ತಿರುಗಿದೆ. ಅವಳು ಕಂಬಕ್ಕೊರಗಿ ಕೂತಿದ್ದಳು. ನನ್ನ ಓದು, ನನ್ನ ನೌಕರಿ, ನನ್ನ ಮುಂದಿನ ಬದುಕೆಲ್ಲ ಅವಳ ಒಂದು ಮಾತಿನ ಮೇಲೆ ನಿಂತಿತ್ತು. "ನೀನೇ ಹೇಳವ್ವ. ನಾನು ದಾರ ಕಟ್ಟಿದೆನೋ, ಕಲಿಸಿದೆನೋ?"

ಅವಳು ತನ್ನ ಅತ್ತೆಯ ಮುಖ ನೋಡಿದಳು. ಅಷ್ಟರಲ್ಲಿ ಕಂಬದಿಂದ ಪುಟ್ಟ ಜೇಡವೊಂದು ಅವಳ ಸೆರಗಿನ ಮೇಲೆ ನೆಗೆಯಿತು. ಅವಳು ಬೆಚ್ಚಲಿಲ್ಲ. ನಾನು ಹೇಳಿಕೊಟ್ಟಂತೆಯೇ ಬೆರಳು ಅಡ್ಡ ಹಿಡಿದು, ಅದು ಹತ್ತುವವರೆಗೆ ಕಾದು, ಮೆಲ್ಲಗೆ ಕಂಬಕ್ಕೆ ದಾಟಿಸಿದಳು. ದಾಟಿಸುತ್ತಲೇ ಹೇಳಿದಳು:

"ದಾರ ಕಟ್ಟಿದ್ರು. ಬಾಯಾಗೆ ಏನೋ ಅಂತಿದ್ರು. ನಂಗೆ ಏನೂ ಕಲಿಸ್ಲಿಲ್ಲ."

ಬೀಗಿತ್ತಿ ಎದ್ದು ಬಂದು ನನಗೆ ಕೈಮುಗಿದರು.

ಸಂಜೆ ಹಿತ್ತಲಲ್ಲಿ ಅವಳು ಅಳುತ್ತಾ ನನ್ನ ಕೈ ಹಿಡಿದುಕೊಂಡಳು. "ಕಲಿತೆ ಅಂದ್ರೆ ಮೊದ್ಲು ಚೀರ್ತಿದ್ದದ್ದು, ಗಾಳಿ ಐತೆ ಅಂದಿದ್ದು, ಎಲ್ಲಾ ಹೊರಗೆ ಬೀಳ್ತಿತ್ತು ಅತ್ತಿಗೆ. ಆ ಮನ್ಯಾಗೆ ನಾ ಬಾಳ್ವೆ ಮಾಡ್ಬೇಕಲ್ಲ. ನೀವು ಮುಂದಿನ ವರ್ಷ ಹೋಗ್ರಿ."

"ನಿನ್ನ ಬಾಳ್ವೆಗೆ ನನ್ನದನ್ನ ಒಲೆಗೆ ಇಟ್ಟೆಯಲ್ಲೇ" ಅಂದೆ. ಕೈ ಬಿಡಿಸಿಕೊಂಡೆ. ಅತ್ತೆ ಮಾತು ತಪ್ಪಿದ್ದು ಅಷ್ಟಾಗಿ ನಾಟಲಿಲ್ಲ, ಅತ್ತೆಯಂದಿರಿಂದ ಯಾರೂ ಹೆಚ್ಚೇನು ನಿರೀಕ್ಷಿಸುವುದಿಲ್ಲ. ಇವಳು ಹಾಗಲ್ಲ. ಇವಳ ಬೆವರಿದ ಅಂಗೈಯನ್ನು ನನ್ನ ಅಂಗೈಯೊಳಗೆ ಇಟ್ಟುಕೊಂಡು ಧೈರ್ಯ ತುಂಬಿದ್ದೆ. ಅದೇ ಧೈರ್ಯದಲ್ಲಿ, ಒಂದು ಚೂರೂ ಕೈ ನಡುಗದೆ, ಅವಳು ನನ್ನನ್ನು ಇಲ್ಲವೆಂದಳು. ಅದನ್ನು ನಾನು ಕ್ಷಮಿಸಿಲ್ಲ.

ಸೀಟು ಬೇರೆ ಯಾರಿಗೋ ಹೋಯಿತು. ಮುಂದಿನ ವರ್ಷ ಬಸುರಿಯಾದೆ, ಆಮೇಲೆ ಸೇರುವ ವಯಸ್ಸೂ ಮೀರಿತು.

ನಾದಿನಿಯೂ ಅವಳ ಅತ್ತೆಯೂ ಚನ್ನಗಿರಿಗೆ ಹಿಂತಿರುಗಿದ ಮಾರನೆಯ ವಾರವೇ ಸವಳಂಗದ ಕಡೆಯಿಂದ ಒಬ್ಬಾಕೆ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಕತ್ತಿನ ಮೇಲೆ ಬರೆ ಎಳೆದಂಥ ಕೆಂಪು ಗೆರೆ. ಆಸ್ಪತ್ರೆಗೆ ತೋರಿಸಿ ಅಂದೆ. ತೋರಿಸ್ತೀನಿ, ಮೊದಲು ನೀವು ಕೈ ಇಡಿ ಎಂದು ತಾಯಿ ಹಟ ಹಿಡಿದಳು. ಹುಡುಗಿ ಅಷ್ಟರಲ್ಲಿ ಮಾಡಿನ ಮೂಲೆಯ ಉದ್ದಗಾಲಿನ ಜೇಡವನ್ನು ನೋಡಿ ತಾಯಿಯ ಸೆರಗಿನೊಳಗೆ ಸೇರಿಕೊಂಡಳು. ಅಲ್ಲಿಂದಲೇ ಮುಖ ಹೊರಗೆ ಹಾಕಿ ಕೇಳಿದಳು. "ಅಮ್ಮಾರೇ, ಅದು ಯಾವ ಜೇಡ? ಕಚ್ಚತೈತಾ?"

ಆ ಮಣೆಯ ಮೇಲೆ ನಾನು ಕೂತಂದಿನಿಂದ ಒಬ್ಬರೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಉತ್ತರ ನಾಲಿಗೆಯ ತುದಿಗೆ ಬಂದಿತ್ತು.

"ಶ್, ಸುಮ್ಕಿರು. ಅಮ್ಮಾರು ಮಂತ್ರ ಹೇಳ್ತಾರೆ" ಎಂದು ತಾಯಿ ಮಗಳ ಬಾಯಿ ಮುಚ್ಚಿದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹೇಳಿದರೆ ಯಾರು ನಂಬುತ್ತಾರೆ, ನಾನು ಕಲಿಸಿದವಳೇ ಏನೂ ಕಲಿಸಲಿಲ್ಲ ಎಂದ ಮೇಲೆ? ಮಗುವಿನ ತಲೆಯ ಮೇಲೆ ಕೈಯಿಟ್ಟೆ. ಅವರಿಗೆ ಬೇಕಾದ ಹಾಗೆ ಬರೀ ತುಟಿ ಆಡಿಸಿದೆ, ಬಾಯೊಳಗೆ ಒಂದಕ್ಷರವೂ ಇರಲಿಲ್ಲ. ತಾಯಿ ಕಣ್ಣುಮುಚ್ಚಿ ಕೈಮುಗಿದಳು. ಹುಡುಗಿ ಮಾತ್ರ ಕಣ್ಣರಳಿಸಿ ನನ್ನ ತುಟಿಯನ್ನೇ ನೋಡುತ್ತಿದ್ದಳು, ತಾನು ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದೇನೆ ಎಂದುಕೊಂಡು.