ಖಾರ ಕಡಿಮೆ ಮಾಡಿದ ಎಣ್ಣೆಗಾಯಿ

ಪ್ರಿಮಿಟಿವೊ ಎಂಬುದು ದಕ್ಷಿಣ ಇಟಲಿಯ ಕೆಂಪು ವೈನ್. ಬಣ್ಣ ನೇರಳೆ ಹಣ್ಣಿನದು, ಗತ್ತು ಫೌಜದಾರನದು. ಕುರಿಮಾಂಸವೋ ಹಳೆಯ ಗಟ್ಟಿ ಚೀಸೋ ಇದ್ದರೇ ಅದಕ್ಕೆ ಸರಿಜೋಡಿ ಎಂದು ಸಿಡ್ನಿಯಲ್ಲಿ ನನ್ನ ಮನೆ ಹತ್ತಿರದ ಚಾಟ್ಸ್‌ವುಡ್‌ನ ವೈನ್ ಅಂಗಡಿಯವನು ಹೇಳಿದ್ದ. ನಾನು ಮಾಂಸ ತಿನ್ನುವವಳಲ್ಲ. ಅವನ ಮಾತನ್ನು ಸುಳ್ಳು ಮಾಡುವ ಹಟಕ್ಕೆ ಬಿದ್ದು, ಅವ್ವ ಕಟ್ಟಿಕೊಟ್ಟಿದ್ದ ಎಣ್ಣೆಗಾಯಿಯ ಜೊತೆ ಕುಡಿದು ನೋಡಿದೆ. ಶೇಂಗಾ, ಎಳ್ಳು, ಗುರೆಳ್ಳು ತುಂಬಿದ ಬದನೆಕಾಯಿಗೆ ಅದು ಎಷ್ಟು ಚೆನ್ನಾಗಿ ಒಗ್ಗಿತೆಂದರೆ ನನಗೇ ನಗು ಬಂತು. ತೊಂದರೆ ಒಂದೇ. ಆ ವೈನಿನಲ್ಲಿ ಆಲ್ಕೋಹಾಲ್ ಹೆಚ್ಚು, ಹಾಗಾಗಿ ನಮ್ಮ ಧಾರವಾಡದ ಖಾರ ಬಾಯಲ್ಲಿ ಇಮ್ಮಡಿಯಾಗಿ ಉರಿಯಿತು.

ಅವ್ವ ಆಗ ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ಅಣ್ಣನ ಮನೆಗೆ ಬಂದಿದ್ದಳು. ಆಫೀಸಿನ ಕೆಲಸಕ್ಕೆಂದು ನಾನು ಹದಿನೈದು ದಿನಕ್ಕೊಮ್ಮೆ ಸಿಡ್ನಿಯಿಂದ ಅಲ್ಲಿಗೆ ಹೋಗಿ, ಬರುವಾಗ ಡಬ್ಬಿ ತುಂಬಿಸಿಕೊಂಡು ಬರುತ್ತಿದ್ದೆ. ಈಗ ಸಹೋದ್ಯೋಗಿಗಳನ್ನೂ ಕರೆದು ಈ ಜೋಡಿಯ ರುಚಿ ತೋರಿಸಿ ಮೆರೆಯುವ ಆಸೆ ಹುಟ್ಟಿತು.

"ಅವ್ವಾ, ಈ ಸಲ ಖಾರ ಸ್ವಲ್ಪ ಕಡಿಮಿ ಹಾಕು. ಡಬ್ಬಿನೂ ದೊಡ್ಡದು ಕಟ್ಟು."

"ಯಾಕವಾ? ನಮ್ಮ ಮನ್ಯಾಗ ಖಾರ ಒಲ್ಲೆ ಅನ್ನವ್ರು ಯಾರಿದ್ದಾರ?"

ವೈನಿನ ಜೊತೆಗೆ ಎನ್ನಲು ಧೈರ್ಯವಾಗಲಿಲ್ಲ. "ಸ್ಟೂಡೆಂಟ್ಸ್ ಅವ್ವಾ. ನಮ್ಮ ಅಪಾರ್ಟ್‌ಮೆಂಟಿನ್ಯಾಗ ನಾಲ್ಕು ಹುಡುಗರು ರೆಂಟಿಗೆ ಇದ್ದಾರ. ಪಾಪ, ಮನಿ ಊಟ ಇಲ್ಲ" ಎಂದೆ.

ಬೇರೆ ಯಾವ ಸುಳ್ಳನ್ನಾದರೂ ಹೇಳಬಹುದಿತ್ತು. ಅಪ್ಪ ಧಾರವಾಡದಲ್ಲಿ ಓದಿದ್ದು ವಾರಾನ್ನದ ಮೇಲೆ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಅವನು ತೀರಿಕೊಂಡ ಮೇಲೂ ಓದುವ ಹುಡುಗರಿಗೆ ಬಡಿಸುವುದನ್ನು ಅವ್ವ ಬಿಟ್ಟಿರಲಿಲ್ಲ. ಇದು ಗೊತ್ತಿದ್ದೇ ನನ್ನ ನಾಲಿಗೆ ಆ ಸುಳ್ಳನ್ನು ಆರಿಸಿಕೊಂಡಿತು, ಅವಳು ಮತ್ತೊಂದು ಪ್ರಶ್ನೆ ಕೇಳಲಾರಳೆಂದು. ಕೇಳಲೂ ಇಲ್ಲ. ಮಂಡಿನೋವಿನಲ್ಲೇ ನಿಂತು ಇಪ್ಪತ್ತು ಬದನೆಕಾಯಿ ಸೀಳಿದಳು.

ನಾಲ್ಕು ತಿಂಗಳು ಹೀಗೇ ನಡೆಯಿತು. ಶನಿವಾರ ಮಧ್ಯಾಹ್ನ ನನ್ನ ಬಾಲ್ಕನಿಯಲ್ಲಿ ಸಹೋದ್ಯೋಗಿಗಳು ರೊಟ್ಟಿ ಮುರಿದು, ಗ್ಲಾಸ್ ಎತ್ತಿ, ನನ್ನ ಜಾಣತನ ಹೊಗಳುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ಅವರೆಲ್ಲ ಹೋದ ಮೇಲೆ ಅವ್ವನಿಗೆ ಫೋನ್.

"ಹುಡುಗರು ಉಂಡ್ರೇನವಾ?"

"ಉಂಡ್ರವ್ವಾ."

"ಹೊಟ್ಟಿ ತುಂಬ?"

"ಹೊಟ್ಟಿ ತುಂಬ."

ಅವಳು ಊರಿಗೆ ಮರಳುವ ಹಿಂದಿನ ವಾರ ನಾನು ಮೆಲ್ಬರ್ನ್‌ಗೆ ಹೋದಾಗ ಅಣ್ಣ ಸಹಜವಾಗಿ ಹೇಳಿದ. "ಶನಿವಾರ ಸ್ವಲ್ಪ ಲಗೂನ ಫೋನ್ ಮಾಡವಾ. ಹುಡುಗರು ಉಂಡ್ರು ಅಂತ ನಿನ್ನ ಬಾಯಿಂದ ಕೇಳೋತನಕಾ ಅವ್ವ ತಾಟ ಹಚ್ಕೊಳ್ಳಂಗಿಲ್ಲ. ಒಮ್ಮೊಮ್ಮೆ ನಾಲ್ಕು ಗಂಟಿ ಆಗ್ತದ. ಮ್ಯಾಲ ಶುಗರ್ ಬ್ಯಾರೆ."

ನಾನು ಮೂರನೆಯ ಗ್ಲಾಸ್ ಸುರಿದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಅವಳು ಹಸಿದುಕೊಂಡು ಫೋನ್ ಪಕ್ಕದಲ್ಲಿ ಕೂತಿದ್ದಳು. ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನೇರ ಅಡುಗೆಮನೆಗೆ ಹೋಗಿ ವೈನ್, ಸಹೋದ್ಯೋಗಿಗಳು, ಖಾರ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ, ಬೇಕಾದರೆ ಕಪಾಳಕ್ಕೆ ಬಾರಿಸಲಿ ಎಂದು ಕಾದು ನಿಂತೆ.

ಅವ್ವ ವೈನಿನ ಸುದ್ದಿಯನ್ನೇ ಎತ್ತಲಿಲ್ಲ. ಕೈಯಲ್ಲಿದ್ದ ಬದನೆಕಾಯಿಯನ್ನು ಉಪ್ಪುನೀರಿಗೆ ಬಿಟ್ಟಳು.

"ಹಂಗಾದ್ರ ಆ ಹುಡುಗರು ಇಷ್ಟ ದಿನ ಉಂಡೇ ಇಲ್ಲಾ?"

"ಹುಡುಗರೇ ಇಲ್ಲವ್ವಾ."

"ಒಬ್ಬಂವನೂ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮಸಾಲೆಯ ಕಡೆ ತಿರುಗಿದಳು. ಆ ದಿನದ ಎಣ್ಣೆಗಾಯಿಗೆ ಖಾರವನ್ನು ಕಡಿಮೆ ಮಾಡದೆ, ನಮ್ಮ ಮನೆಯ ಮೊದಲಿನ ಅಳತೆಗೇ ಹಾಕಿದಳು. ಡಬ್ಬಿ ಮಾತ್ರ ಕಟ್ಟಲಿಲ್ಲ, ನಾನೂ ಕೇಳಲಿಲ್ಲ.