ಮಣೆಗೆ ಉದುರಿಸಿದ ಹಿಟ್ಟು

ಎನರ್ಜಿ ಬಾರ್ ಬಾಯಿಗಿಡುವ ಮೊದಲು ಸಹನಾ ಅದನ್ನು ತಿರುಗಿಸಿ ನೋಡಿದಳು. ‘ಆಂಟಿ, ಈ ಬಿಳೀ ಪುಡಿ ಏನು?’

ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ. ಗೋಧಿ ಒಂಚೂರು ಹೊಟ್ಟೆಗೆ ಹೋದರೂ ನರಳುತ್ತಾಳೆ. ಅವಳ ಹುಟ್ಟುಹಬ್ಬಕ್ಕೆಂದೇ ಖರ್ಜೂರ, ಕಡಲೆಕಾಯಿ ಬೀಜ, ಎಳ್ಳು ಕುಟ್ಟಿ ಎನರ್ಜಿ ಬಾರ್ ಮಾಡಿದ್ದೆ. ‘ಗೋಧಿ ಸೋಕಿಸಿಲ್ಲ ಪುಟ್ಟಿ, ಧೈರ್ಯವಾಗಿ ತಿನ್ನು’ ಎಂದು ಎಲ್ಲರೆದುರು ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಆದರೆ ಲಟ್ಟಿಸುವಾಗ ಅಂಟದಿರಲೆಂದು, ಚಪಾತಿಗೆ ಮಾಡುವ ಹಾಗೆ, ಮಣೆಗೆ ಗೋಧಿಹಿಟ್ಟು ಉದುರಿಸಿಬಿಟ್ಟಿದ್ದೆ!

ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಬಾರನ್ನು ತಟ್ಟೆಗಿಟ್ಟು, ಕೈ ತೊಳೆದು ಬಂದು, ‘ಬಿಡಿ ಆಂಟಿ, ನಮ್ಮಜ್ಜೀನೂ ಮರೀತಾರೆ’ ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಉಳಿದ ಮಕ್ಕಳು ಚಪ್ಪರಿಸಿ ತಟ್ಟೆ ಖಾಲಿ ಮಾಡಿದರು. ನಾನು ತಲೆ ಎತ್ತಲಿಲ್ಲ. ಅವಳಿಗೆಂದೇ ಮಾಡಿದ್ದು, ಸಿಗದೇ ಹೋದದ್ದು ಅವಳೊಬ್ಬಳಿಗೇ.