ಸೋಡಾ ಗೌಡರು ಹಿಮ ನೋಡಲು ಹೊರಟದ್ದು

ಕರಿಗೌಡರ ಅಂಗೈ ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ತಣ್ಣಗಿರುತ್ತಿತ್ತು. ಮೈಸೂರಿನ ಪಡುವಾರಹಳ್ಳಿಯ ನಮ್ಮ ಬೀದಿಯಲ್ಲಿ ಯಾವ ಮಗುವಿಗೆ ಜ್ವರ ಬಂದರೂ ತಾಯಂದಿರು ಎತ್ತಿಕೊಂಡು ಬಂದು, "ಗೌಡ್ರೇ, ಒಸಿ ಕೈ ಇಡಿ" ಎನ್ನುತ್ತಿದ್ದರು. ಅವರು ಹಣೆಯ ಮೇಲೆ ಕೈಯಿಟ್ಟು, ದೊಡ್ಡ ಡಾಕ್ಟರ ಗತ್ತಿನಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಜ್ವರ ಇಳಿಯುತ್ತಿತ್ತೋ ಇಲ್ಲವೋ, ಮಗು ಅಳುವುದನ್ನಂತೂ ನಿಲ್ಲಿಸುತ್ತಿತ್ತು.

ಹೂಟಗಳ್ಳಿಯ ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು, ಚಿಕ್ಕ ಗಡಿಯಾರದ ಗೋಪುರದ ಹತ್ತಿರ ಸೋಡಾ, ಸರಬತ್ತಿನ ಅಂಗಡಿ ಇಟ್ಟವರು ಅವರು. ಬೆಳಗಾದರೆ ಫ್ಯಾಕ್ಟರಿಯಿಂದ ಐಸಿನ ದಿಮ್ಮಿ ಬರುತ್ತಿತ್ತು. ಅದನ್ನು ಪೆಟ್ಟಿಗೆಯೊಳಗೆ ಮರದ ಹೊಟ್ಟಿನಲ್ಲಿ ಹೂತು, ಗೋಣಿ ಹೊದಿಸಿ, ಎಳೆಗೂಸನ್ನು ಮಲಗಿಸಿದ ಹಾಗೆ ಮೇಲೆ ತಟ್ಟುತ್ತಿದ್ದರು. "ಐಸ್ ಅನ್ನೋದು ನೆಂಟ ಇದ್ದಂಗೆ ಕಣ್ರೀ. ಎಷ್ಟೇ ಉಪಚಾರ ಮಾಡಿದ್ರೂ ಸಾಯಂಕಾಲಕ್ಕೆ ಹೊಂಟೋಯ್ತದೆ" ಎನ್ನುವುದು ಅವರ ಮಾತು. ದಿನಕ್ಕೆ ನಾಲ್ಕು ಸಲ ಕೇಳಿದರೂ ಗಿರಾಕಿಗಳು ನಗುತ್ತಿದ್ದರು.

ನಾನು ಅವರ ಎದುರುಮನೆಯವನು, ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ನನ್ನ ಕೆಲಸವೆಂದರೆ ಸಿಬ್ಬಂದಿಯ ರಜೆಯ ಲೆಕ್ಕ ಬರೆಯುವುದು. ಗೌಡರಿಗೆ ಅದನ್ನು ಹೇಳಿ ಪ್ರಯೋಜನವಿರಲಿಲ್ಲ. ಅವರ ಪಾಲಿಗೆ ದೇಶದ ರೈಲುಗಳೆಲ್ಲ ನನ್ನ ಅಪ್ಪಣೆ ಕೇಳಿಯೇ ಹೊರಡುತ್ತಿದ್ದವು.

ಅವರ ಒಬ್ಬನೇ ಮಗ ಶಿವಣ್ಣ ಸೈನ್ಯಕ್ಕೆ ಸೇರಿದ್ದ. ಚೀನಾ ಯುದ್ಧದಲ್ಲಿ, ಹಿಮದ ಬೆಟ್ಟದ ಮೇಲೆ ತೀರಿಕೊಂಡ. ತಂತಿ ಬಂತು, ದೇಹ ಬರಲಿಲ್ಲ. ಬೀದಿಗೆ ಬೀದಿಯೇ ಅತ್ತಿತು. ಗೌಡರು ಅಳಲಿಲ್ಲ. ತಿಥಿ ಮುಗಿದ ಮಾರನೆಯ ದಿನ ಅಂಗಡಿ ತೆರೆದು, ಐಸು ಒಡೆದು, ಕೇಳಿದವರಿಗೆ ಕೇಳಿದ್ದನ್ನು ಕೊಟ್ಟರು. ನೆಂಟನ ಮಾತು ಮಾತ್ರ ನಿಂತುಹೋಯಿತು. ಅವರನ್ನು ಕಂಡಾಗ ನನಗೆ ದುಃಖವಾಗಬೇಕಿತ್ತು. ಏನೂ ಆಗುತ್ತಿರಲಿಲ್ಲ. ಮನಸ್ಸು ಮರಗಟ್ಟುವುದು ಅಂಟುರೋಗವೋ ಏನೋ, ಅವರ ಜೊತೆ ಕೂತು ಎದ್ದು ನನಗೂ ಬಂದಿತ್ತು.

ಕೆಲವು ತಿಂಗಳ ಮೇಲೆ ಶಿವಣ್ಣನ ಜೊತೆಗಿದ್ದ ಒಬ್ಬ ಸಿಪಾಯಿ, ಪಿರಿಯಾಪಟ್ಟಣದ ಕಡೆಯವನು, ರಜೆಯಲ್ಲಿ ಬಂದವನು ಮನೆ ಹುಡುಕಿಕೊಂಡು ಬಂದ. "ಶಿವಣ್ಣಂಗೆ ಏನೂ ನೋವಾಗ್ನಿಲ್ಲ ಕಣಮ್ಮ. ಚಳಿಗೆ ಮೈ ಮರಗಟ್ಟೋಯ್ತು. ನಿದ್ದೆ ಬಂದಂಗೆ ಹೋಗ್ಬುಟ್ಟ" ಎಂದ. ಹೇಳುವಾಗ ಅವನು ನೆಲ ನೋಡುತ್ತಿದ್ದ. ಗೌಡರ ಹೆಂಡತಿ ಚಿಕ್ಕತಾಯಮ್ಮ ಅದನ್ನು ಗಮನಿಸಿದರು. ಅಂದಿನಿಂದ ಆಕೆಗೆ ಒಂದೇ ಪ್ರಶ್ನೆ. ಗಂಡ ಅಂಗಡಿಯಿಂದ ಬಂದು ಕಾಲು ತೊಳೆಯುವಾಗ ಕೇಳುವರು: "ಐಸ್ ಮುಟ್ಟೋರು ನೀವು. ನಿಮಗೆ ಗೊತ್ತಿರಬೇಕು. ನೋವಾಯ್ತದಾ?" ಉಂಡರೆ ಉಂಡರು, ಇಲ್ಲದಿದ್ದರೆ ಇಲ್ಲ. ಮಲಗುವುದು ಬರೀ ನೆಲದ ಮೇಲೆ, ಹೊದಿಕೆ ಕೊಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿಗೆ ಹೋದಾಗ ಗೌಡರು ಪಂಚೆ ಎತ್ತಿ ಕಟ್ಟಿ, ಎರಡೂ ಕಾಲನ್ನು ಐಸಿನ ಪೆಟ್ಟಿಗೆಯಲ್ಲಿ ಇಳಿಬಿಟ್ಟು ಕೂತಿದ್ದರು.

"ಇದೇನು ಗೌಡ್ರೇ, ನಿಮ್ಮನ್ನೇ ಮಾರಾಟಕ್ಕೆ ಇಟ್ಕೊಂಡಿರಾ?" ಎಂದೆ.

"ನೋಯ್ತದೆ ಸ್ವಾಮಿ" ಎಂದರು, ಯಾರದೋ ಕಾಲಿನ ಸುದ್ದಿ ಹೇಳುವಂತೆ. "ಸೂಜಿ ಚುಚ್ಚಿದಂಗೆ. ಆಮ್ಯಾಕೆ ಗೊತ್ತಾಗಕಿಲ್ಲ. ಆದ್ರೆ ಇದು ಫ್ಯಾಕ್ಟರಿ ಐಸು ನೋಡಿ, ಗ್ಯಾಸ್ ಬುಟ್ಟು ಮಾಡಿದ್ದು. ದೇವ್ರು ಸುರಿಸೋದು ಇಂಗಿರಲ್ಲ. ಹತ್ತಿ ಹತ್ತಿಯಂಗೆ ಬೀಳ್ತದಂತಲ್ಲ, ಅದ್ಯಾಕೆ ನೋಯ್ತದೆ?"

ಐಸಿನಲ್ಲಿ ಬದುಕು ಕಳೆದ ಮನುಷ್ಯನಿಗೆ ಇಂಥ ನಂಬಿಕೆ. ತಾನು ದಿನಾ ಮುಟ್ಟುವುದು ಮನುಷ್ಯರು ಮಾಡಿದ ಕಲಬೆರಕೆ ಮಾಲು, ಅಪ್ಪಟ ಮಾಲು ಬೇರೆ ಇದೆ ಎಂದು. ಅದನ್ನು ಕಣ್ಣಾರೆ ಕಂಡು, ಕಾಲಾರೆ ಮೆಟ್ಟಿ ಬಂದು ಹೆಂಡತಿಗೆ ಹೇಳಬೇಕೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಮಗ ಸತ್ತ ಜಾಗ ಗಡಿಯಲ್ಲಿತ್ತು, ಅಲ್ಲಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಂಗಡಿಯ ಗೋಡೆಯಲ್ಲೊಂದು ಕ್ಯಾಲೆಂಡರ್ ಇತ್ತು. ಅದರಲ್ಲಿ ಕಾಶ್ಮೀರದ ಬೆಟ್ಟ, ಮೊಣಕಾಲುದ್ದ ಹಿಮ, ನಡುವೆ ಒಂದು ಸಾರಂಗ. ಬೇಟೆ ನಿಲ್ಲಿಸಿ ಸರ್ಕಾರ ಕಾಪಾಡುತ್ತಿರುವ ಕಾಡು ಅದು ಎಂದು ಓದಿ ಹೇಳಿದವನು ನಾನೇ. ಗೌಡರು ಅದಕ್ಕೆ 'ಹಿಮದ ಪಾರ್ಕು' ಎಂದು ಹೆಸರಿಟ್ಟರು. "ಹಿಮ ಎಲ್ಲಾದ್ರೂ ಹಿಮಾನೇ ಅಲ್ವಾ ಸ್ವಾಮಿ? ಅಲ್ಲಿಗೇ ಒಂದು ರೈಲು ನೋಡಿ" ಎಂದರು.

ಪಠಾಣ್‌ಕೋಟ್‌ಗೆ ರೈಲು ಮುಗಿಯುತ್ತದೆ, ಮುಂದೆ ಬಸ್ಸು, ಚಳಿಗಾಲದಲ್ಲಿ ಆ ದಾರಿಯೂ ಆಗಾಗ ಮುಚ್ಚುತ್ತದೆ, ಎಲ್ಲರೂ ಹೋಗುವುದು ಮೇ ತಿಂಗಳಲ್ಲಿ ಎಂದು ತಿಳಿಹೇಳಿದೆ.

"ಹಿಮ ಕರಗೋದ ಮೇ ತಿಂಗಳಿಗೆ ಮೈಸೂರೇ ಸಾಕಲ್ವಾ?" ಎಂದರು.

ಸಿದ್ಧತೆ ಶುರುವಾಯಿತು. ನಮ್ಮೂರಿನವರು ಧನುರ್ಮಾಸ ಬಂದರೆ ಕಿವಿಗೆ ಮಫ್ಲರ್ ಸುತ್ತಿ, ಲೋಕದ ಚಳಿಯನ್ನೆಲ್ಲ ಗೆದ್ದವರಂತೆ ಓಡಾಡುವವರು. ಆದ್ದರಿಂದ ಬೀದಿಯ ತುಂಬ ಸಲಹೆಗಾರರು. ಒಬ್ಬರು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಎಂದರು. ಇಲ್ಲಿಯ ಡಿಸೆಂಬರಿಗೇ ಅದು ಸೀಸೆಯಲ್ಲಿ ಗಟ್ಟಿಯಾಗುವುದು ಯಾರಿಗೂ ನೆನಪಾಗಲಿಲ್ಲ. ದರ್ಜಿ ಬೂರುಗದ ಹತ್ತಿ ತುಂಬಿ ಒಂದು ಕೋಟು ಹೊಲಿದ. ತೊಟ್ಟರೆ ಗೌಡರ ಕೈ ಕೆಳಗಿಳಿಯುತ್ತಿರಲಿಲ್ಲ. ಚಿಕ್ಕತಾಯಮ್ಮ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟರು. ನಾನು ಹಟ ಹಿಡಿದು ಮಿಲಿಟರಿ ಮಾಲಿನ ಅಂಗಡಿಯಲ್ಲಿ ಬೂಟು ಕೊಡಿಸಿದೆ. ಗೌಡರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಂಥವೇ ಇದ್ದಿರ್ಬೇಕು ಅವಂಗೂ" ಎಂದು ಚೀಲಕ್ಕೆ ಹಾಕಿದರು. ಇಷ್ಟು ನಡೆಯುವಾಗಲೂ ಆ ಮನೆಯಲ್ಲಿ ಯಾರೂ ಅಳಲಿಲ್ಲ. ಮದುವೆಗೆ ಹೊರಟವರ ಹಾಗೆ ಅಚ್ಚುಕಟ್ಟಾಗಿ ಗಂಟು ಕಟ್ಟಿದರು. ನನಗೆ ಭಯವಾಯಿತು.

ಡಿಸೆಂಬರಿನಲ್ಲಿ ಹೋದರು. ಸಂಕ್ರಾಂತಿ ಕಳೆದು ಬಂದರು. ಸ್ಟೇಷನ್ನಿಗೆ ಹೋಗಿದ್ದೆ. ಇಳಿಯುವಾಗ ಬಲಗಾಲು ಊರಲಾರದೆ ನನ್ನ ಹೆಗಲು ಹಿಡಿದರು. ಪಾದಕ್ಕೆ ಬಟ್ಟೆ ಸುತ್ತಿತ್ತು, ಬೂಟು ಕೈಯಲ್ಲಿತ್ತು, ಹೊಚ್ಚ ಹೊಸದಾಗಿಯೇ ಇತ್ತು.

"ಹಾಕ್ಕೊಳ್ಳಲಿಲ್ವಾ ಗೌಡ್ರೇ?"

"ಹಾಕ್ಕಂಡ್ರೆ ಎಂಗ್ ತಿಳೀತದೆ?"

ಜಟಕಾ ಸಯ್ಯಾಜಿರಾವ್ ರಸ್ತೆಗೆ ತಿರುಗಿತು. ಗೌಡರು ಕುದುರೆಯ ಬೆನ್ನು ನೋಡುತ್ತ ಹೇಳಿದರು: "ಫ್ಯಾಕ್ಟರಿ ಐಸೇ ಎಷ್ಟೋ ವಾಸಿ ಸ್ವಾಮಿ. ಅಲ್ಲಿನ ಕಾವಲುಗಾರ ಎಳ್ಕೊಂಡೋಗಿ ಬೆಂಕಿ ಮುಂದೆ ಕೂರಿಸ್ದ. ಕಿರುಚ್ಬುಟ್ಟೆ. ನಮ್ ಶಿವಣ್ಣಂಗ್ಯಾರು ಬೆಂಕಿ ಹಾಕಿದ್ರು ಅಲ್ಲಿ?" ಆಗ ಅತ್ತರು. ಮಗ ಸತ್ತ ಮೇಲೆ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮನೆ ಬರುವ ಮೊದಲೇ ಮುಖ ಒರೆಸಿಕೊಂಡರು.

ಚಿಕ್ಕತಾಯಮ್ಮ ಬಾಗಿಲಲ್ಲೇ ನಿಂತಿದ್ದರು. ಗೌಡರು ಜಟಕಾದಿಂದ ಇಳಿಯುತ್ತಲೇ ಹೇಳಿದರು: "ನೋವಾಗಲ್ಲ ಕಣೆ. ಹತ್ತಿ ಮ್ಯಾಲೆ ಕಾಲಿಟ್ಟಂಗೆ. ಆ ಸಿಪಾಯಿ ಹೇಳಿದ್ದು ದಿಟ." ನೆಲ ನೋಡಲಿಲ್ಲ, ಆಕೆಯ ಮುಖವನ್ನೇ ನೋಡುತ್ತ ಹೇಳಿದರು. ಆಕೆ "ಹೂಂ" ಎಂದು ಒಳಗೆ ಹೋಗಿ ಬಿಸಿನೀರು ತಂದರು. ಅಂದು ಇಬ್ಬರೂ ಕೂತು ಉಂಡರು.

ಹಿಮಕ್ಕೆ ಕಪ್ಪಿಟ್ಟಿದ್ದ ಬಲಗಾಲಿನ ಹೆಬ್ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು. ಗೌಡರು ಕುಂಟುತ್ತಲೇ ಕೆಲವು ವರ್ಷ ಅಂಗಡಿ ನಡೆಸಿ, ಒಂದು ಬೇಸಿಗೆಯಲ್ಲಿ ಎದೆನೋವಿನಿಂದ ಹೋದರು. ಮಣ್ಣು ಮಾಡಿ ಬಂದ ಮೇಲೆ ಜಗಲಿಯ ಮೇಲೆ ಚಿಕ್ಕತಾಯಮ್ಮನ ಹತ್ತಿರ ಕೂತೆ. ಏನಾದರೂ ಹೇಳಬೇಕಲ್ಲ ಎಂದು, "ಪುಣ್ಯಾತ್ಮರು, ಅಷ್ಟು ದೂರ ಹೋಗಿ ದಿಟ ತಿಳ್ಕೊಂಡು ಬಂದ್ರು" ಎಂದೆ.

ಆಕೆ ನನ್ನತ್ತ ತಿರುಗಿದರು.

"ಸುಳ್ಳು ಕಣಪ್ಪ ಅದು. ದಿನಾ ಆ ಕಾಲು ತೊಳೆದು ಬಟ್ಟೆ ಕಟ್ಟಿದೋಳು ನಾನು, ನಂಗೊತ್ತಾಗಕಿಲ್ವಾ? ಆದ್ರೆ ಅಷ್ಟು ದೂರದಿಂದ ನನಗೇ ಅಂತ ತಂದವ್ರೆ. ಬ್ಯಾಡ ಅನ್ನಕ್ಕಾಯ್ತದಾ?"